ಅವ್ವನ ಬಲಗೈ ಮತ್ತು ನಾನು ಗೆದ್ದ ವಾದ

ಅವ್ವನ ಬಲಗೈ ಎಡಗೈಗಿಂತ ದಪ್ಪ. ಮೊಣಕೈ ಕೆಳಗೆ ಟೇಪು ಹಿಡಿದರೆ ಎರಡು ಬೆರಳಿನಷ್ಟು ಹೆಚ್ಚು ಬರುತ್ತದೆ. ಅದಕ್ಕೆ ನಾನು ಕಾರಣಳಲ್ಲ ಎಂದು ವಾದಿಸಲು ಐದು ನಿಮಿಷ ಕೊಟ್ಟರೆ ಮೂರೇ ನಿಮಿಷದಲ್ಲಿ ಗೆದ್ದು ಬಂದು ಕೂತುಬಿಡುತ್ತೇನೆ. ಅವ್ವನಂತೆ ಎದೆಯ ಆಪರೇಷನ್ ಆದ ಹೆಂಗಸರಲ್ಲಿ ಕೆಲವರಿಗೆ ಏನೂ ಮಾಡದಿದ್ದರೂ ಕೈ ಬಾತುಕೊಳ್ಳುತ್ತದೆ, ಕೆಲವರಿಗೆ ಏನೆಲ್ಲ ಮಾಡಿದರೂ ಏನೂ ಆಗುವುದಿಲ್ಲ. ಒಂದಾದ ಮೇಲೆ ಇನ್ನೊಂದು ಆಯಿತು ಎಂದ ಮಾತ್ರಕ್ಕೆ ಅದರಿಂದಲೇ ಇದು ಆಯಿತು ಎಂದು ಹೇಳಲು ಬರುವುದಿಲ್ಲ. ಕೋಚಿಂಗ್ ಕ್ಲಾಸಿನಲ್ಲಿ ತರ್ಕದ ಪಾಠ ಮಾಡುವವಳು ನಾನು. ವಾರಕ್ಕೆ ನಾಲ್ಕು ದಿನ ಇದನ್ನೇ ಹೇಳಿಕೊಡುತ್ತೇನೆ. ಗೆಲ್ಲುವ ವಾದ ಇಷ್ಟು ಸಲೀಸಾಗಿ ಕೈಗೆ ಸಿಗುತ್ತದೆ ಎಂಬ ಕಾರಣಕ್ಕೇ ಅದನ್ನು ಇಲ್ಲಿ ಬಳಸುವುದಿಲ್ಲ. ಒಮ್ಮೆ ಗೆದ್ದದ್ದೇ ಸಾಕಾಗಿದೆ.

ನಮ್ಮ ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯಿಂದ ಕೂಗಳತೆಯಲ್ಲಿ. ಮನೆಯಲ್ಲಿ ಮೂವರು: ಕೋರ್ಟಿನಲ್ಲಿ ಗುಮಾಸ್ತರಾಗಿರುವ ಅಪ್ಪ, ಅವ್ವ, ನಾನು. ಎರಡು ವರ್ಷದ ಹಿಂದೆ ಕ್ಯಾನ್ಸರ್ ಎಂದು ಸೋಲಾಪುರದ ಆಸ್ಪತ್ರೆಯೊಂದರಲ್ಲಿ ಅವ್ವನ ಬಲಗಡೆಯ ಎದೆ ತೆಗೆದರು. ಬಗಲೊಳಗಿನ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ ಬಾಟಲಿ ಏರಿಸಿದ್ದು, ರೇಡಿಯೇಶನ್ನಿನ ಕರೆಂಟು ಕೊಟ್ಟದ್ದು, ಕೂದಲೆಲ್ಲ ಹೋಗಿ ಗುಂಗುರು ಗುಂಗುರಾಗಿ ಮರಳಿ ಬಂದದ್ದು. ಬಂಧುಗಳು ಬಾಳೆಹಣ್ಣು ಹಿಡಿದು ಬಂದರು, ಚಹಾ ಕುಡಿದರು, ಆರಾಮಾತಲ್ಲ ಇನ್ನೇನು ಎಂದು ಹೇಳಿ ಹೋದರು. ನಾವೂ ಹಾಗೇ ಹೇಳಿಕೊಂಡೆವು. ಆರಾಮಾದ ಮೇಲೆ ಆ ಮೈ ಹೇಗಿರುತ್ತದೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದು ಫೋನು.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಅಲ್ಲಿಯ ಸಿಸ್ಟರ್ ಒಬ್ಬರು ಅವ್ವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ದಿನಕ್ಕೆ ಎಷ್ಟು ಹೆಜ್ಜೆ ನಡೆದಿರಿ, ಏನು ಉಂಡಿರಿ, ಎಷ್ಟು ಹೊತ್ತು ಮಲಗಿದಿರಿ, ತೋಳಿನ ವ್ಯಾಯಾಮ ಮಾಡಿದಿರೋ ಇಲ್ಲವೋ ಎಂದು ಅದು ಕೇಳುತ್ತಿತ್ತು. ಕನ್ನಡವನ್ನು ಯಾವುದೋ ಯಂತ್ರ ಬರೆದಂತಿತ್ತು. "ನಿಮ್ಮ ಬೆರಳುಗಳನ್ನು ಗೋಡೆಯ ಮೇಲೆ ನಡೆಸಿರಿ" ಎಂದು ಹೇಳಿದ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅವ್ವ ನಗಲಿಲ್ಲ. ಅಡುಗೆಮನೆಯ ಗೋಡೆಗೆ ಮುಖ ಮಾಡಿ ನಿಂತು, ತೋರುಬೆರಳು ಮತ್ತು ನಡುಬೆರಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಿ, ಇನ್ನು ಆಗುವುದಿಲ್ಲ ಎನ್ನುವಲ್ಲಿ ಎಡಗೈಯಿಂದ ಪೆನ್ಸಿಲ್ ಗೆರೆ ಎಳೆದಳು. ಒಂದು ತಿಂಗಳಲ್ಲಿ ಗೆರೆಗಳು ಮೆಣಸಿನಪುಡಿಯ ಡಬ್ಬಿ ಇಡುವ ಹಲಗೆಯ ತನಕ ಏರಿದ್ದವು.

ನಮ್ಮ ಕಡೆ ಹೆಂಗಸರು ಫೋನನ್ನಾಗಲಿ ಸಣ್ಣ ಚೀಲವನ್ನಾಗಲಿ ಕುಪ್ಪಸದೊಳಗೆ ಸಿಗಿಸಿಕೊಳ್ಳುತ್ತಾರೆ. ಅವ್ವ ಮೊದಲು ಬಲಗಡೆ ಇಟ್ಟುಕೊಳ್ಳುತ್ತಿದ್ದಳು. ಆ ಜಾಗ ಹೋದ ಮೇಲೆ ಎಡಗಡೆ ಇಡಲು ಅವಳಿಗೆ ಮನಸ್ಸಾಗಲಿಲ್ಲ; ಸೀರೆಯೊಳಗಿನ ಪರಕಾರಕ್ಕೆ ತಾನೇ ಒಂದು ಜೇಬು ಹೊಲಿದುಕೊಂಡಳು. ಹೆಜ್ಜೆ ಎಣಿಸುವ ಫೋನನ್ನು ಅದರಲ್ಲಿ ಇಟ್ಟುಕೊಂಡು ಬೆಳಿಗ್ಗೆ ಹಳಿಯ ಗುಂಟ ನಡೆದು ಬರುತ್ತಿದ್ದಳು.

ಊಟದ ಪಟ್ಟಿಯಲ್ಲಿ ನಮ್ಮ ಯಾವ ಅಡುಗೆಯೂ ಇರಲಿಲ್ಲ. ಪುಂಡಿಪಲ್ಲೆ ಇಲ್ಲ, ಶೇಂಗಾ ಹಿಂಡಿ ಇಲ್ಲ, ಜೋಳದ ರೊಟ್ಟಿಯಂತೂ ಇಲ್ಲವೇ ಇಲ್ಲ. ಟಾರ್ಟಿಯಾ ಎಂಬ ಹೆಸರಿನ ಕೆಳಗೆ ದುಂಡನೆಯ ಏನೋ ಒಂದರ ಚಿತ್ರ ಇತ್ತು. ಅವ್ವ ಕನ್ನಡಕ ಮೇಲೇರಿಸಿ ನೋಡಿ, "ಇದು ರೊಟ್ಟಿ ಅಲ್ಲೇನ?" ಎಂದಳು. ನಾನು ಆ್ಯಪಿನ ಕುರಿತ ಪುಟ ತೆಗೆದು ಓದಿದೆ. ಅಮೆರಿಕಾದಲ್ಲಿ ಲ್ಯಾಟಿನಾ ಎಂದು ಕರೆಸಿಕೊಳ್ಳುವ, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಹೆಂಗಸರಿದ್ದಾರಂತೆ. ಎದೆಯ ಕ್ಯಾನ್ಸರ್ ದಾಟಿ ಬಂದ ಅವರ ಸಲುವಾಗಿ ಮೊದಲು ಮಾಡಿದ್ದನ್ನು ಆಮೇಲೆ ಬೇರೆ ಬೇರೆ ಭಾಷೆಗೆ ತಂದಿದ್ದರಂತೆ. ಗೋವಿನಜೋಳದ ಹಿಟ್ಟಿನಿಂದ ಅವರೂ ರೊಟ್ಟಿ ಮಾಡುತ್ತಾರೆ ಎಂದು ಹೇಳಿದೆ. ಅವ್ವ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವರ ಪೈಕಿ ಯಾರಿಗೋ ತನ್ನ ಹಾಗೇ ಆಗಿ, ಅವಳೂ ಹೀಗೇ ಗೋಡೆಯ ಮೇಲೆ ಬೆರಳು ಹತ್ತಿಸುತ್ತಿರಬೇಕು ಎಂದಳು. ಆಮೇಲೆ ಅವರು ರೊಟ್ಟಿಗೆ ಹಚ್ಚಿಕೊಳ್ಳಲು ಏನು ಮಾಡುತ್ತಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಸಂಜೆ ಆರಕ್ಕೆ ಫೋನು ಒಂದು ಸಣ್ಣ ಸದ್ದು ಮಾಡಿ ಕೇಳುತ್ತಿತ್ತು: "ಇಂದು ನಿಮ್ಮ ತೋಳು ಹೇಗಿದೆ?" ಕೆಳಗೆ ಮೂರು ಉತ್ತರ: ಹಗುರ, ಭಾರ, ನೋವು. ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು, ಕೈ ಒರೆಸಿಕೊಂಡು, ಕೂತು ಯೋಚಿಸುತ್ತಿದ್ದಳು. ತೋಳನ್ನು ಒಮ್ಮೆ ಎತ್ತಿ, ಇಳಿಸಿ, ಆಮೇಲೆ ಒತ್ತುತ್ತಿದ್ದಳು. ನಾವು ಕೇಳಿದ್ದರೆ ಎಲ್ಲದಕ್ಕೂ ಆರಾಮ ಅದೀನಿ ಎಂದು ಬಿಡುತ್ತಿದ್ದವಳು ಆ ಗಾಜಿನ ತುಂಡಿಗೆ ಸುಳ್ಳು ಹೇಳುತ್ತಿರಲಿಲ್ಲ. ಇಷ್ಟು ಯೋಚನೆ ಮಾಡಿ ನಾನು ಡಿಗ್ರಿ ಪರೀಕ್ಷೆಯನ್ನೂ ಬರೆದಿಲ್ಲ ಎಂದು ನಾನು ಅಣಕಿಸಿದಾಗ, "ಅದು ಕೇಳತೈತಲ್ಲ ಬೇ, ಹೇಳಬೇಕಲಾ" ಎಂದಿದ್ದಳು.

ನನಗೆ ಆ ಆ್ಯಪ್ ಸೇರುತ್ತಿರಲಿಲ್ಲ. ಯಾಕೆ ಎಂಬುದಕ್ಕೆ ಆಗ ನನ್ನ ಬಳಿ ದೊಡ್ಡ ದೊಡ್ಡ ಕಾರಣಗಳಿದ್ದವು. ಮಂದಿಯ ಮೈಯನ್ನು ಅಂಕಿಗೆ ಇಳಿಸುವುದು, ನಮ್ಮ ಊಟ ಗೊತ್ತಿಲ್ಲದವರು ನಮಗೆ ಊಟ ಹೇಳಿಕೊಡುವುದು, ಹೀಗೆ. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಇವಕ್ಕಿಂತ ಸಣ್ಣ ಕಾರಣ ಒಂದಿತ್ತು: ಅವ್ವ ನನ್ನ ಹತ್ತಿರ ಆಡದ ಮಾತನ್ನು ಅದರ ಹತ್ತಿರ ಆಡುತ್ತಿದ್ದಳು.

ನಾನು ಶಾಲೆಯಿಂದ ಕಾಲೇಜಿನ ತನಕ ಚರ್ಚಾಸ್ಪರ್ಧೆಯಲ್ಲೇ ಬೆಳೆದವಳು. ಅಲ್ಲಿ ಚೀಟಿ ಎತ್ತುತ್ತಾರೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಒಂದು ಮಾತು, ಮಧ್ಯಾಹ್ನ ಅದರ ಉಲ್ಟಾ, ಎರಡಕ್ಕೂ ಚಪ್ಪಾಳೆ. ನಮ್ಮನ್ನು ತಯಾರು ಮಾಡುತ್ತಿದ್ದ ಮಾಸ್ತರರು ಒಂದು ಮಾತು ಹೇಳಿಕೊಟ್ಟಿದ್ದರು: ಎದುರಿನವರ ಮಾತಿನಲ್ಲಿ ಗಟ್ಟಿ ಇದ್ದದ್ದರ ತಂಟೆಗೆ ಹೋಗಬ್ಯಾಡ, ಬಿರುಕು ಹುಡುಕಿ ಅಲ್ಲಿ ಬೆರಳಿಡು. ಸ್ಪರ್ಧೆಗೆ ಇದು ಬಹಳ ಒಳ್ಳೆಯ ಪಾಠ. ಮನೆಯಲ್ಲಿ ಬಳಸುವಂಥದ್ದಲ್ಲ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ಚಳಿಗಾಲ. ಅವ್ವನ ತವರು ಬಬಲೇಶ್ವರದ ಕಡೆಯ ಸಾರವಾಡ. ಅಲ್ಲಿಂದ ಅತ್ತಿ, ಅಂದರೆ ನನ್ನ ಸೋದರಮಾವನ ಹೆಂಡತಿ, ಬಂದಳು. ಅವಳ ಮಗಳನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಈಗ ಏಳು ತಿಂಗಳ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ಬುತ್ತಿ ಒಯ್ಯಬೇಕು. ಬುತ್ತಿ ಎಂದರೆ ಒಂದು ಡಬ್ಬಿಯಲ್ಲ. ಬುಟ್ಟಿಗಟ್ಟಲೆ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿ, ಒಣಗಿಸಿ, ಹಪ್ಪಳದಂತೆ ಕಟಕಟ ಎನ್ನುವಂತೆ ಮಾಡಿ, ಬೀಗರ ಓಣಿಗೆಲ್ಲ ಹಂಚುವಷ್ಟು. ಮೂರು ದಿನ ಮೊದಲೇ ಓಣಿಯ ಹೆಂಗಸರು ಸಾಲಾಗಿ ಕೂತು ಬಡಿಯುತ್ತಾರೆ. ಮಾವನ ಮನೆಯಲ್ಲಿ ಯಾವ ಕಾರ್ಯವಿರಲಿ, ಮೊದಲ ರೊಟ್ಟಿ ಹಿರಿ ಮಗಳಾದ ಅವ್ವನೇ ಬಡಿಯಬೇಕು. ಅವಳ ರೊಟ್ಟಿ ಕಾಗದದಷ್ಟು ತೆಳು, ಅಂಚು ಎಲ್ಲೂ ಸೀಳುತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಒಂದು ಮದುವೆ ಬಂದಿತ್ತು. ಆಗ ಅವಳನ್ನು ಪಡಸಾಲೆಯಲ್ಲಿ ಕೂಡಿಸಿ ಎಳ್ಳು ಆರಿಸಲು ಕೊಟ್ಟಿದ್ದರು. ಅವಳು ಆರಿಸಿದ ಎಳ್ಳನ್ನೇ ಮತ್ತೆ ಮತ್ತೆ ಆರಿಸಿದ್ದನ್ನು ನಾನು ನೋಡಿದ್ದೆ.

ಈ ಸಲವೂ ಅತ್ತಿ ಅದನ್ನೇ ಹೇಳಿದಳು. "ನೀವು ಬರ್ರಿ ಅಕ್ಕಾರ, ಬಂದು ಹಿಂಗ ಮಾಡ್ರಿ ಹಂಗ ಮಾಡ್ರಿ ಅಂತ ಹೇಳಿಕೋತ ಕುಂಡ್ರ್ರಿ. ಬಡಿಯಾಕ ನಾವು ಅದೀವಿ."

ಅವ್ವ ಪರಕಾರದ ಜೇಬಿನಿಂದ ಫೋನು ತೆಗೆದಳು. ಕೈಗೆ ಒಮ್ಮೆಲೇ ಭಾರ ಹಾಕಬಾರದು, ಸ್ವಲ್ಪ ಸ್ವಲ್ಪ ಏರಿಸಬೇಕು ಎಂದು ಇದರಲ್ಲಿ ಹೇಳಿದ್ದಾರೆ. ಬೆಂಕಿಯ ಮುಂದೆ ಬಹಳ ಹೊತ್ತು ಕೂಡಬಾರದಂತೆ. ಹಾಗಾಗಿ ತಾನು ದಿನಕ್ಕೆ ಹತ್ತು ರೊಟ್ಟಿ ಬಡಿದು ಎದ್ದುಬಿಡುತ್ತೇನೆ ಎಂದಳು. ಇದನ್ನು ಅವಳು ಬಹಳ ದಿನದಿಂದ ಯೋಚಿಸಿ ಇಟ್ಟುಕೊಂಡಿದ್ದಳು ಎಂದು ಈಗ ನನಗೆ ಅನಿಸುತ್ತದೆ. ಹತ್ತು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಫೋನಿನ ಮಾತೂ ಉಳಿಯಬೇಕು, ಸಾಲಿನಲ್ಲಿ ತನ್ನ ಜಾಗವೂ ಉಳಿಯಬೇಕು. ಎರಡಕ್ಕೂ ನಡುವೆ ಅವಳು ಹುಡುಕಿದ ದಾರಿ ಅದು.

ಅತ್ತಿ ನಕ್ಕಳು. ಫೋನು ಈಗ ಈ ಮನೆಯ ಅತ್ತೆಯಾಯಿತೇನು ಎಂದು ಚೇಷ್ಟೆ ಮಾಡಿದಳು. ಪಕ್ಕದ ಮನೆಯವಳು ಚಹಾಪುಡಿ ಕೇಳಲು ಬಂದಿದ್ದವಳು ಅಲ್ಲೇ ನಿಂತಳು. ಕೇಳುವ ಮಂದಿ ಸಿಕ್ಕರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ನಾನು ಎದ್ದೆ.

ಮೊದಲು ಫೋನನ್ನು ಅವ್ವನ ಕೈಯಿಂದ ಇಸಿದುಕೊಂಡು ಕೂಸಿನ ಗಿಲಕಿ ಆಡಿಸಿದ ಹಾಗೆ ಆಡಿಸಿದೆ. ಹೆಜ್ಜೆಗಳು ಏರಿದವು. ನೋಡಿ, ನಿಂತಲ್ಲೇ ನಿಂತಿದ್ದೇನೆ, ಇದರ ಲೆಕ್ಕದಲ್ಲಿ ನಾನು ರೈಲು ಹಳಿ ದಾಟಿ ಹೋದೆ ಎಂದೆ. ಇಬ್ಬರೂ ನಕ್ಕರು. ಅವ್ವ ಒಂದು ತಾಸು ಕೂತು ರೊಟ್ಟಿ ಬಡಿದರೆ ಇದು ಸೊನ್ನೆ ಹೆಜ್ಜೆ ತೋರಿಸಿ ಸೋಮಾರಿ ಎನ್ನುತ್ತದೆ, ಇಂಥದರ ಮಾತು ಏನು ಮಾತು ಎಂದೆ. ಎರಡನೆಯದು, ಇದನ್ನು ಮಾಡಿದ್ದು ಸಮುದ್ರದಾಚೆಯ ಹೆಂಗಸರಿಗೆ. ಜೋಳದ ಹೆಸರೇ ಗೊತ್ತಿಲ್ಲದವರು ರೊಟ್ಟಿಯ ಕೈಗೆ ಬುದ್ಧಿ ಹೇಳುವುದೇ? ಮೂರನೆಯದು, ಗೋಡೆಗೆ ಬೆರಳು ಹತ್ತಿಸುವುದು ವ್ಯಾಯಾಮವಾದರೆ ರೊಟ್ಟಿ ಬಡಿಯುವುದು ಯಾಕಲ್ಲ? ಭುಜ ಆಡುತ್ತದೆ, ಮೊಣಕೈ ಆಡುತ್ತದೆ, ಬೆರಳು ಆಡುತ್ತವೆ. ಹತ್ತೇ ಯಾಕೆ, ಹನ್ನೊಂದು ಯಾಕಲ್ಲ, ನೂರು ಯಾಕಲ್ಲ, ಗೆರೆ ಎಳೆದವರು ಯಾರು?

ಕೊನೆಗೆ ಅವ್ವನ ಕಡೆ ತಿರುಗಿ ಕೇಳಿದೆ: "ಯವ್ವಾ, ನಿನ್ನ ಕೈ ನಿನಗ ಗೊತ್ತೈತೋ, ಅಮೆರಿಕಾದ ಫೋನಿಗೆ ಗೊತ್ತೈತೋ?"

ಅತ್ತಿ ಚಪ್ಪಾಳೆಯನ್ನೇ ತಟ್ಟಿದಳು. "ಇಕಿನ್ನ ಕರೀ ಕೋಟ್ ಹಾಕಿ ಕೋರ್ಟಿಗೆ ಕಳಸ್ರಿ ಅಕ್ಕಾರ, ಇವರಪ್ಪ ಗುಮಾಸ್ತಕಿ ಮಾಡಿದ್ದ ಸಾಕು."

ಅವ್ವನೂ ನಕ್ಕಳು. ನನ್ನನ್ನು ನೋಡಿ ಹೆಮ್ಮೆಪಟ್ಟಳು ಕೂಡ. ಅದು ಮುಖದಲ್ಲಿ ಕಾಣುತ್ತಿತ್ತು. ಕೈ ಜೋಪಾನ ಮಾಡುವ ಬಗೆ ಎಂಬ ಒಂದು ಪುಟ ಆ ಆ್ಯಪಿನಲ್ಲಿತ್ತು. ಅವ್ವ ಅದನ್ನು ಬೆರಳಿಟ್ಟು ಬೆರಳಿಟ್ಟು ಓದಿದ್ದಳು. ನಾನು ಓದಿರಲಿಲ್ಲ. ಗೆಲ್ಲಲು ಬೇಕಾದ ಪುಟವನ್ನಷ್ಟೇ ಓದಿದ್ದೆ. ಗೆದ್ದ ಖುಷಿಯಲ್ಲಿ, ಸಂಜೆ ಆರರ ಆ ಸದ್ದನ್ನೂ ಬಂದ್ ಮಾಡಿ ಫೋನು ಮರಳಿ ಕೊಟ್ಟೆ.

ಸಾರವಾಡದಲ್ಲಿ ಮಾವನ ಮನೆಯ ಹಿತ್ತಲಿನಲ್ಲಿ ನಾಲ್ಕು ಒಲೆ ಹೂಡಿದ್ದರು. ಅವ್ವ ಸೆರಗು ಸಿಗಿಸಿ ಪರಾತದ ಮುಂದೆ ಕೂತಾಗ ಹೆಂಗಸರ ಮಾತು ಗಕ್ಕನೆ ನಿಂತಿತು. ಆಮೇಲೆ ಯಾರೋ ಒಬ್ಬ ಮುದುಕಿ, ಬಂದಳ್ರಪಾ ನಮ್ಮ ಕಾಗದದ ಮಿಲ್ಲು, ಎಂದಳು. ಎಲ್ಲರೂ ನಕ್ಕು ಮಾತು ಮತ್ತೆ ಶುರುವಾಯಿತು. ಮೊದಲ ರೊಟ್ಟಿ ಅವ್ವನದೇ. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತಿತ್ತು. ಹತ್ತಾದವು. ಅವ್ವ ಒಮ್ಮೆ ನನ್ನ ಕಡೆ ನೋಡಿದಳು. ನಾನು ಕಣ್ಣಿನಲ್ಲೇ ಹೊಡಿ ಎಂದೆ. ಹನ್ನೊಂದನೆಯದಕ್ಕೆ ಹಿಟ್ಟು ತೆಗೆದುಕೊಂಡಳು.

ಮೂರು ದಿನ ಬಡಿದಳು. ಎಣಿಸುವುದನ್ನು ಎಲ್ಲರೂ ಬಿಟ್ಟಿದ್ದೆವು. ಹಂಚಿನ ಅಂಚು ತಾಗಿ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಗೆರೆ ಮೂಡಿತ್ತು. ಅದಕ್ಕೆ ಒಣ ಹಿಟ್ಟು ಸವರಿಕೊಂಡು ಮುಂದುವರಿಸಿದಳು. ನಾನು ವಿಡಿಯೋ ಮಾಡಿ, ಆ್ಯಪಿಗೆ ನಮ್ಮವ್ವನ ಉತ್ತರ ಎಂದು ಬರೆದು ಸ್ಟೇಟಸ್ ಹಾಕಿದೆ. ನನ್ನ ವಿದ್ಯಾರ್ಥಿಗಳೆಲ್ಲ ಬೆಂಕಿಯ ಚಿತ್ರ, ಕೈಮುಗಿದ ಚಿತ್ರ ಕಳಿಸಿದರು. ಆ ವಿಡಿಯೋ ಇನ್ನೂ ನನ್ನ ಬಳಿ ಇದೆ. ಎರಡು ರೊಟ್ಟಿಗಳ ನಡುವೆ ಅವ್ವ ಬಲಗೈಯನ್ನು ಕೆಳಗಿಳಿಸಿ ಒದ್ದೆ ಬಟ್ಟೆ ಕೊಡವಿದ ಹಾಗೆ ಕೊಡವುತ್ತಾಳೆ. ಮೂರು ಸಲ. ವಿಡಿಯೋ ಮಾಡುತ್ತಿದ್ದವಳಿಗೆ ಅದು ಕಾಣಲಿಲ್ಲ.

ತಿಕೋಟಾದಲ್ಲಿ ಕುಬಸ ಚೆನ್ನಾಗಿ ಆಯಿತು. ಬೀಗರ ಕಡೆಯ ಹೆಂಗಸರು ರೊಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿ, ಯಾರ ಕೈಯವು ಇವು ಎಂದು ಕೇಳಿದರು. ಬಸುರಿಗೆ ಬಳೆ ಇಡಿಸಿದ ಮೇಲೆ ಬಂದ ಮುತ್ತೈದೆಯರಿಗೆಲ್ಲ ಬಳೆಗಾರತಿ ಹಸಿರು ಬಳೆ ಇಟ್ಟಳು. ಅವ್ವ ವರ್ಷದಿಂದ ಬಲಗೈಗೆ ಒಂದೇ ಒಂದು ಸಡಿಲ ಬಳೆ ಹಾಕುತ್ತಿದ್ದವಳು ಅಂದು ಎರಡೂ ಕೈ ಮುಂದೆ ಚಾಚಿದಳು. ಆರು, ಆರು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಕೈ ತಾಗಿದಾಗಲೆಲ್ಲ ಅವು ಗಲ್ ಗಲ್ ಎನ್ನುತ್ತಿದ್ದವು, ಅವಳು ಬೇಕೆಂದೇ ತಾಗಿಸುತ್ತಿದ್ದಳೋ ಏನೋ.

ಒಂದು ತಿಂಗಳ ಮೇಲೆ, ಒಂದು ಮುಂಜಾನೆ, ಅವ್ವ ಚಹಾ ತಂದು ಮುಂದೆ ಇಟ್ಟಳು. ನನಗೆ ಏನೋ ಕಡಿಮೆ ಅನಿಸಿತು. ಸದ್ದಿರಲಿಲ್ಲ. ಬಲಗೈಯ ಬಳೆಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಆರೂ ಮೈಯೊಳಗೆ ಕೂತಿದ್ದವು. ನಾನು ಕೈ ಹಿಡಿದೆ. ಹೆಬ್ಬೆರಳು ಒತ್ತಿದಲ್ಲಿ ಒಂದು ಕುಳಿ ಬಿತ್ತು, ಬಿದ್ದದ್ದು ಹಾಗೇ ನಿಂತಿತು.

"ಮೈ ಬಂದೈತಿ ಬೇ, ಅಷ್ಟ" ಎಂದಳು. ಒಂದೇ ಕೈಗೆ ಮೈ ಬರುತ್ತದೆಯೇ ಎಂದು ನಾನು ಕೇಳಲಿಲ್ಲ.

ಬಳೆ ತೆಗೆಯುವುದಕ್ಕೆ ಅವಳು ಒಪ್ಪಲಿಲ್ಲ. ಗಂಡ ಇದ್ದವಳ ಕೈಯ ಬಳೆ ಒಡೆಯಬಾರದು. ಎಣ್ಣೆ ಹಚ್ಚೋಣ, ಸೋಪು ಹಚ್ಚೋಣ ಎಂದಳು. ಹಚ್ಚಿದೆವು. ಒಂದೂ ಜರುಗಲಿಲ್ಲ, ಕೈ ಮಾತ್ರ ಕೆಂಪಾಯಿತು. ಕೊನೆಗೆ ಅಪ್ಪ ಬಂದು ಅವಳ ಪಕ್ಕ ಕೂತು, ನಾ ಇಲ್ಲೇ ಅದೀನಲ್ಲ, ನನಗೇನು ಆಗತೈತಿ, ತೆಗಿ ಎಂದರು. ನಾನು ಬಳೆಯ ಕೆಳಗೆ ಬಟ್ಟೆ ತೂರಿಸಿ ಇಕ್ಕಳದಿಂದ ಒಂದೊಂದಾಗಿ ಒತ್ತಿದೆ. ಅವ್ವ ಮುಖ ತಿರುಗಿಸಿ ಅಪ್ಪನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಆರು ಬಳೆ ಹೋದ ಜಾಗದಲ್ಲಿ ಆರು ಗೆರೆ ಉಳಿದವು.

ಅದೇ ದಿನ ನಗರದಲ್ಲಿ ಫಿಜಿಯೋಥೆರಪಿ ಮಾಡುವ ಡಾಕ್ಟರ್ ಬಾಯಿ ಒಬ್ಬರ ಹತ್ತಿರ ಹೋದೆವು. ಅವರು ಕೈಯನ್ನು ಐದು ಕಡೆ ಟೇಪಿನಿಂದ ಅಳೆದು ಬರೆದುಕೊಂಡರು. ಬಗಲಿನ ಗಂಟು ತೆಗೆದ ಮೇಲೆ ಕೈಯೊಳಗಿನ ನೀರು ಹರಿದು ಹೋಗುವ ದಾರಿ ಸಣ್ಣದಾಗಿರುತ್ತದೆ, ಒಮ್ಮೆಲೇ ಭಾರ ಬಿದ್ದರೆ, ಸುಟ್ಟರೆ, ಬಿಗಿಯಾದದ್ದೇನಾದರೂ ಹಾಕಿದರೆ ನಿಂತುಬಿಡಬಹುದು, ಇವೇನೂ ಇಲ್ಲದೆಯೂ ಕೆಲವರಿಗೆ ನಿಲ್ಲುತ್ತದೆ ಎಂದು ತಿಳಿಸಿ ಹೇಳಿದರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಅವ್ವ ನನ್ನನ್ನು ಒಮ್ಮೆ ನೋಡಿ, ಒಂದು ವಾರ ಆತ್ರಿ ಎಂದಳು.

"ಸುರು ಆದ ಕೂಡ್ಲೆ ಬಂದಿದ್ರ ಛಲೋ ಇಳೀತಿತ್ತರಿ," ಎಂದರು ಡಾಕ್ಟರ್ ಬಾಯಿ. "ಈಗೂ ಇಳಸೋಣು. ಎಷ್ಟ ಇಳೀತೈತಿ ಅಂತ ಮಾತ್ರ ಹೇಳಾಕ ಬರೂದಿಲ್ಲ."

ಅವ್ವನ ಕೈಗೆ ಪಟ್ಟಿ ಸುತ್ತುತ್ತಿದ್ದಾಗ ಅವಳ ಫೋನು ನನ್ನ ಹತ್ತಿರ ಇತ್ತು. ಯಾಕೋ ಆ ಆ್ಯಪ್ ತೆರೆದೆ. ಸದ್ದು ಬಂದ್ ಮಾಡಿದ ಮೇಲೆ ಅವ್ವ ಅದನ್ನು ಬಿಟ್ಟಿದ್ದಾಳೆ ಎಂದುಕೊಂಡಿದ್ದೆ. ಬಿಟ್ಟಿರಲಿಲ್ಲ. ಕುಬಸದಿಂದ ಬಂದ ಮೂರನೆಯ ದಿನದಿಂದ, ಯಾರೂ ಕೇಳದೆ, ತಾನೇ ತೆರೆದು ಉತ್ತರ ಬರೆದಿದ್ದಳು. ಭಾರ. ಭಾರ. ನೋವು. ಭಾರ. ಹನ್ನೊಂದು ದಿನ. ಪ್ರತಿ ಉತ್ತರದ ಕೆಳಗೂ ಆ ಯಂತ್ರದ ಕನ್ನಡದಲ್ಲಿ ಒಂದೇ ಸಾಲು ಇತ್ತು: "ತೋಳು ಭಾರ ಎನಿಸಿದಲ್ಲಿ ತಡಮಾಡದೆ ನಿಮ್ಮ ವೈದ್ಯರನ್ನು ಕಾಣಿರಿ." ಹನ್ನೆರಡನೆಯ ದಿನದಿಂದ ಖಾಲಿ.

ಹೆಜ್ಜೆ ಎಣಿಸಲು ಬಾರದ ಆ ಹುಚ್ಚು ಆ್ಯಪ್ ಹನ್ನೊಂದು ದಿನ ಸರಿಯಾದ ಮಾತನ್ನೇ ಹೇಳಿತ್ತು. ಒಂದು ಕಡೆ ತಪ್ಪಿದ್ದು ಎಲ್ಲ ಕಡೆ ತಪ್ಪು ಎಂದು ನಾಲ್ಕು ಮಂದಿಯ ಮುಂದೆ ಸಾಬೀತು ಮಾಡಿದ್ದು ನಾನು. ಇದೇ ತಪ್ಪನ್ನು ನನ್ನ ವಿದ್ಯಾರ್ಥಿ ಮಾಡಿದರೆ ಅಂಕ ಕಡಿಯುತ್ತೇನೆ. ಸಂಜೆ ಸಂಜೆ ಅವ್ವನ ಕೈ ವಿಚಾರಿಸುತ್ತಿದ್ದದ್ದು ಅದೊಂದೇ. ಅದರ ಬಾಯಿ ಮುಚ್ಚಿಸಿದ ಮೇಲೆ ಆ ಕೆಲಸವನ್ನು ನಾನಾದರೂ ಕೈಗೆತ್ತಿಕೊಳ್ಳಬೇಕಿತ್ತಲ್ಲ? ಒಂದು ತಿಂಗಳಲ್ಲಿ ಒಂದೇ ಒಂದು ಸಲವೂ ಕೇಳಿರಲಿಲ್ಲ.

ಪಟ್ಟಿ ಸುತ್ತುವುದನ್ನು ನಾನು ಕಲಿತೆ. ಬೆರಳಿನಿಂದ ಶುರು ಮಾಡಿ ತೋಳಿನ ತನಕ, ಕೆಳಗೆ ಸ್ವಲ್ಪ ಬಿಗಿ, ಮೇಲೆ ಹೋದಂತೆ ಸಡಿಲ. ಕ್ಲಾಸಿಗೆ ಹೋಗುವ ಮೊದಲು ದಿನಾ ಅರ್ಧ ತಾಸು. ಆ ಅರ್ಧ ತಾಸು ನಾವು ಎದುರುಬದುರು ಕೂತಿರುತ್ತೇವೆ. ಅವಳ ಕೈ ನನ್ನ ತೊಡೆಯ ಮೇಲೆ. ಹದಿನೈದು ದಿನ ಹೀಗೆ ಕಳೆದ ಮೇಲೆ ನಾನು ಹೇಳಿದೆ. ನಾನು ಆ ಪುಟ ಓದದೆ ಮಾತಾಡಿದೆ, ಅತ್ತಿಯನ್ನು ನಗಿಸಲು ಮಾತಾಡಿದೆ, ನಿನ್ನ ಹತ್ತು ರೊಟ್ಟಿಯ ಮಾತೇ ಸರಿ ಇತ್ತು, ನನ್ನಿಂದ ಹೀಗಾಯಿತು ಎಂದೆ. ತಯಾರಿ ಇಲ್ಲದೆ ಮಾತಾಡಿದ್ದರಿಂದ ಎಲ್ಲ ಹಿಂದುಮುಂದಾಗಿ ಬಂತು.

ಅವ್ವ ಪೂರ್ತಿ ಕೇಳಿದಳು. ಆಮೇಲೆ ಸ್ವಲ್ಪ ನಕ್ಕಳು.

"ನಿನ್ನ ಮಾತ ಕೇಳಿ ಒಲಿ ಮುಂದ ಕುಂತೆ ಅಂತ ತಿಳಕೊಂಡಿಯೇನ? ನನಗ ಕುಂಡ್ರಬೇಕಾಗಿತ್ತು. ಎಳ್ಳ ಆರಿಸಿಕೋತ ಕುಂತ ಸಾಕಾಗಿತ್ತು ನನಗ. ನೀ ಒಂದು ನೆಪ ಕೊಟ್ಟಿ, ತಗೊಂಡೆ. ಅದರ ಪಾಪ ನಿನಗ ಯಾಕ?"

ನಾನು ಪಟ್ಟಿಯ ಇನ್ನೊಂದು ಸುತ್ತು ಹಾಕಿದೆ. ಎದೆಯಿಂದ ಒಂದು ಭಾರ ಇಳಿಯುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಅವಳು, ಬೇರೆ ಯಾರದೋ ವಿಷಯ ಹೇಳುವಂತೆ, ಇನ್ನೊಂದು ಮಾತು ಸೇರಿಸಿದಳು.

"ಕೈ ಭಾರ ಆಗಾಕತ್ತಿದಾಗ ಮಾತ್ರ ನಿನಗ ಹೇಳಬೇಕಂತ ಎರಡ ಸಲ ಬಂದೆ. ನೀ ನಗತಿ, ಇಲ್ಲಾಂದ್ರ ಅದು ಭಾರ ಅಲ್ಲ ಅಂತ ಸಿದ್ಧ ಮಾಡಿ ತೋರಸತಿ ಅಂತ ಸುಮ್ಮನ ಹೋದೆ."

ನಾನು ಹೊತ್ತುಕೊಂಡಿದ್ದ ತಪ್ಪನ್ನು ಅವಳು ಇಳಿಸಿದಳು. ನನಗೆ ಗೊತ್ತೇ ಇರದಿದ್ದ ತಪ್ಪನ್ನು ಹೊರಿಸಿದಳು. ಹೊರಿಸುವ ಉದ್ದೇಶವೂ ಅವಳಿಗಿರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ಆ ಎರಡು ಸಲ ಯಾವುವು ಎಂದು ಹುಡುಕುತ್ತಲೇ ಇದ್ದೇನೆ. ಒಮ್ಮೆ ನಾನು ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು, ಏನಿಲ್ಲ ಎಂದು ಹೋದದ್ದು ನೆನಪಿದೆ. ಇನ್ನೊಂದು ಸಲ ನೆನಪಿಗೇ ಬರುತ್ತಿಲ್ಲ.

ಆಮೇಲೆ ನಾನು ಆ ಸಂಜೆಯ ಸದ್ದನ್ನು ಮತ್ತೆ ಹಚ್ಚಿಕೊಟ್ಟೆ. ಅವ್ವ ಈಗ ಉತ್ತರಿಸುತ್ತಾಳೆ. ನಾನು ಬಳಿ ಇದ್ದರೆ ಫೋನನ್ನು ಸ್ವಲ್ಪ ಓರೆ ಮಾಡಿ ಹಿಡಿಯುತ್ತಾಳೆ. ನಾನೂ ಕೇಳುತ್ತೇನೆ, ದಿನಾ ಕೇಳುತ್ತೇನೆ. ಆರಾಮ ಐತಿ ಎನ್ನುತ್ತಾಳೆ. ಬಿಗಿ ಆತೇನು ಎಂದರೆ ಇಲ್ಲ ಎನ್ನುತ್ತಾಳೆ. ಆ ಇಲ್ಲವನ್ನು ನಂಬದೆ ಉಗುರಿನ ಬಣ್ಣ ನೋಡಿ ಪಟ್ಟಿ ಸಡಿಲಿಸುತ್ತೇನೆ. ಸಂಶಯ ಪಡುವುದನ್ನು ಜೀವನವಿಡೀ ಕಲಿತದ್ದು ಈಗ ಇಷ್ಟಕ್ಕೆ ಉಪಯೋಗಕ್ಕೆ ಬಂದಿದೆ.

ಹೋದ ವಾರ ಡಾಕ್ಟರ್ ಬಾಯಿಯ ಹತ್ತಿರ ಮತ್ತೆ ಅಳತೆ ಇತ್ತು. ಅತ್ತಿಯ ಮಗಳಿಗೆ ಕೂಸು ಹುಟ್ಟಿದ ಸುದ್ದಿ ಬಂದಿತ್ತು. ಅವ್ವನಿಗೆ ಹೋಗಿ ಅದನ್ನು ಎತ್ತಿಕೊಳ್ಳಬೇಕು. ಯಾವ ಕೈಯಲ್ಲಿ, ಎಷ್ಟು ಹೊತ್ತು ಎಂದು ಕೇಳಬೇಕಿತ್ತು. ನಾನು ಯಾವತ್ತಿನಂತೆ ಅವಳ ಹಿಂದೆ ಒಳಗೆ ಹೊರಟೆ. ಅವ್ವ ಬಾಗಿಲಲ್ಲಿ ತಿರುಗಿ ನಿಂತಳು.

"ನೀ ಹೊರಗ ಕುಂಡ್ರು ಬೇ. ನಾ ಮಾತಾಡಿ ಬರತೀನಿ."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನಲ್ಲಿ ಚೀಲಕ್ಕೆ ಜಾಗ ಹಿಡಿ ಎನ್ನುವ ಹಾಗೆ ಹೇಳಿದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲಿಗೆ ಬರೀ ಒಂದು ಪರದೆ. ಒಳಗಿನಿಂದ ಅವ್ವನ ದನಿ ಕೇಳುತ್ತಿತ್ತು. ಬೆಳಗಿನ ಜಾವ ಬೆರಳು ಮಡಿಸಲು ಬರುವುದಿಲ್ಲ. ಆ ಮಗ್ಗುಲಾಗಿ ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಕುಪ್ಪಸದ ತೋಳು ಬಿಚ್ಚಿ ಅಗಲ ಮಾಡಿಸಿದ್ದಾಳಂತೆ, ಎರಡು ಸಲ. ಒಮ್ಮೊಮ್ಮೆ ತೆಗೆದುಹಾಕಿದ ಎದೆಯಲ್ಲೇ ತುರಿಸುತ್ತದಂತೆ, ಇಲ್ಲದ್ದು ಹೇಗೆ ತುರಿಸುತ್ತದ್ರಿ ಎಂದು ಕೇಳುತ್ತಿದ್ದಳು. ಇಷ್ಟು ಉದ್ದ ಮಾತನ್ನು ಅವಳು ತನ್ನ ಮೈಯ ಬಗ್ಗೆ ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಡಾಕ್ಟರ್ ಬಾಯಿ ನಡುನಡುವೆ ಹಾಂ, ಹೇಳ್ರಿ, ಎನ್ನುತ್ತಿದ್ದರು. ಅಷ್ಟೇ ಅವರು ಅಂದದ್ದು.

ಬಹಳ ಹೊತ್ತಿನ ಮೇಲೆ ಅವ್ವ ಹೊರಗೆ ಬಂದಳು. ಅರ್ಧ ಬೆರಳು ಇಳಿದಿದೆಯಂತೆ. ಕೂತುಕೊಂಡು, ಎಡಗೈ ಆಸರೆ ಕೊಟ್ಟು, ಸ್ವಲ್ಪ ಹೊತ್ತು ಕೂಸು ಎತ್ತಿಕೊಳ್ಳಬಹುದಂತೆ. ಬೇರೆ ಏನಾದರೂ ಹೇಳಿದರೇನು ಎಂದು ಕೇಳಿದೆ.

"ಏನಿಲ್ಲ, ಎಲ್ಲಾ ಛಲೋ ಐತಿ ಅಂದ್ರು," ಎಂದಳು.

ಪರದೆಯ ಈಚೆ ನಾನು ಎಲ್ಲವನ್ನೂ ಕೇಳಿದ್ದೆ. ಅವಳ ಈ ಮಾತನ್ನು ಸುಳ್ಳು ಎಂದು ತೋರಿಸಲು ಒಂದು ನಿಮಿಷವೂ ಬೇಕಿರಲಿಲ್ಲ. ಛಲೋ ಆತು ಎಂದೆ. ಚೀಲ ಇಸಿದುಕೊಂಡು ಬಲಗೈಗೆ ತಾಗದಂತೆ ಅವಳ ಎಡಗಡೆಗೆ ಬಂದೆ, ಇಬ್ಬರೂ ಆಟೋ ಹಿಡಿಯಲು ರಸ್ತೆಗೆ ಇಳಿದೆವು.